ಸೈಡ್ ಬುಡಿ, ಮೇಡಂ ಬರ್ತಿದಾರೆ

ಮೊನ್ನೆ ಬೀಳ್ಕೊಡುಗೆ ಸಮಾರಂಭದಲ್ಲಿ ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು, "ಮಿತಭಾಷಿ, ಶಾಂತಸ್ವಭಾವದವರು, ಎಲೆಮರೆಯ ಕಾಯಿಯಂತೆ ಸೇವೆ ಸಲ್ಲಿಸಿದವರು" ಎಂದು ಓದಿದಾಗ ಪಕ್ಕದಲ್ಲಿ ಕೂತಿದ್ದ ಪೀಟಿ ಮೇಷ್ಟ್ರು ನನ್ನ ಕಾಲು ತುಳಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಮ್ಮ ಶಾಲೆಯಲ್ಲಿ ಯಾರೇ ನಿವೃತ್ತರಾದರೂ ಓದುವುದು ಅದೊಂದೇ ಭಾಷಣ. ಹೋದ ವರ್ಷ ಗಣಿತದ ಮೇಷ್ಟ್ರಿಗೆ ಓದಿದ್ದರು, ಅವರಿಗೇನೋ ಹೊಂದುತ್ತಿತ್ತು. ನಮ್ಮ ಸಮಾಜ ವಿಜ್ಞಾನದ ಮೇಡಂ ಎಲೆಮರೆಯಲ್ಲಿ ಕೂತರೆ ಎಲೆಯೇ ನಕ್ಕು ನಕ್ಕು ಉದುರಿಬಿಡುತ್ತದೆ. ಶಾಲು ಹೊದ್ದು ವೇದಿಕೆ ಮೇಲೆ ಕೂತಿದ್ದ ಅವರು ಮಾತ್ರ, ಯಾರೋ ಬೇರೆಯವರ ಗುಣಗಾನ ಕೇಳುತ್ತಿರುವವರ ಹಾಗೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ನನ್ನ ಸರದಿ ಬಂದಾಗ ನಾನೂ ನಾಲ್ಕು ಒಳ್ಳೆಯ ಮಾತು ಆಡಿ ಇಳಿದುಬಿಟ್ಟೆ. ಮಕ್ಕಳು ಬಿಸಿಲಲ್ಲಿ ಕೂತಿದ್ದರು, ಹೇಳಬೇಕಾದ್ದು ಉದ್ದವಿತ್ತು. ಅದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಮಾರನೇ ಬೆಳಿಗ್ಗೆಯೇ ಕುಂಬಾರಕೊಪ್ಪಲಿನ ನಮ್ಮ ಮನೆ ಮುಂದೆ ಬಂದು ಸೈಕಲ್ ಬೆಲ್ ಬಾರಿಸುತ್ತಾರೆ, ಬೀದಿಯವರೆಲ್ಲ ಎದ್ದು ಕೂರಬೇಕು.

ಆ ಬೆಲ್ಲಿನ ವಿಷಯ ಹೇಳಲೇಬೇಕು. ಮೇಡಂ ಮನೆ ವಿದ್ಯಾರಣ್ಯಪುರಂನಲ್ಲಿ. ಅಲ್ಲಿಂದ ಶಾಲೆಗೆ ದಿನಾ ಸೈಕಲ್ಲಿನಲ್ಲೇ ಬರುತ್ತಿದ್ದರು. ಕಾಟನ್ ಸೀರೆ, ನೆರಿಗೆಗೊಂದು ಪಿನ್ನು, ಸೆರಗಿಗೊಂದು ಪಿನ್ನು, ಮುಂದಿನ ಬುಟ್ಟಿಯಲ್ಲಿ ಟಿಫನ್ ಡಬ್ಬಿ, ಹಿಂದಿನ ಕ್ಯಾರಿಯರ್‌ನಲ್ಲಿ ಸುರುಳಿ ಸುತ್ತಿದ ಭೂಪಟ. ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಬೆಲ್ ಬಾರಿಸುತ್ತಾ, "ಸೈಡ್ ಬುಡಿ, ಸೈಡ್ ಬುಡಿ" ಎನ್ನುತ್ತಾ ಬರುತ್ತಿದ್ದರು. ಯಾರೂ ಇಲ್ಲವಲ್ಲ ಮೇಡಂ ಎಂದರೆ, "ಬಂದ್ರೆ?" ಎನ್ನುವರು. ಕಂಡವರನ್ನೆಲ್ಲಾ ತಿಂಡಿ ಆಯ್ತಾ, ಊಟ ಆಯ್ತಾ ಎಂದು ಕೇಳದೆ ಮುಂದೆ ಹೋಗಿದ್ದೇ ಇಲ್ಲ. ಹೂ ಮಾರುವವರು, ಗೇಟಿನ ವಾಚ್‌ಮನ್, ಸಿಗ್ನಲ್ಲಿನ ಪೊಲೀಸ್ ಪೇದೆ. ಹಸಿರು ದೀಪ ಬಂದರೂ ಪೇದೆ ಉತ್ತರ ಕೊಡುವ ತನಕ ಇವರು ಕದಲುತ್ತಿರಲಿಲ್ಲ. ಅವನೋ ಪಾಪ, ಸೀಟಿಯನ್ನು ಬಾಯಿಂದ ತೆಗೆದು, "ಆಯ್ತು ಮೇಡಂ, ಇಡ್ಲಿ" ಎಂದು ಕೂಗಬೇಕಾಗುತ್ತಿತ್ತು.

ಕ್ಲಾಸಿನಲ್ಲೂ ಅವರದ್ದು ಇದೇ ಗದ್ದಲ. ಭೂಪಟ ತರುತ್ತಿದ್ದರೇ ಹೊರತು ಬಿಚ್ಚುತ್ತಿರಲಿಲ್ಲ. ಮೆಡಿಟರೇನಿಯನ್ ಪಾಠದ ದಿನ ಕೈ ಎತ್ತದೆ ಇಡೀ ಸಮುದ್ರವನ್ನು ಬೋರ್ಡಿನ ಮೇಲೆ ಬರೆದುಬಿಡುವರು. ಇಟಲಿಯನ್ನು ಬರೆದಾದ ಮೇಲೆ ಮುಷ್ಟಿ ಕಟ್ಟಿ, ಕಿರುಬೆರಳಿನ ಮಗ್ಗುಲಿಗೆ ಸೀಮೆಸುಣ್ಣ ಬಳಿದುಕೊಂಡು, ಬೋರ್ಡಿಗೆ ಒಂದು ಸಲ ಒತ್ತುವರು. ಗೋಕುಲಾಷ್ಟಮಿ ದಿನ ಹೊಸ್ತಿಲಿಂದ ದೇವರ ಮನೆಯ ತನಕ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪಾದ ಒತ್ತುತ್ತೇವಲ್ಲ, ಹಾಗೆ. ಸಾರ್ಡೀನಿಯಾ ದ್ವೀಪ ಸಿದ್ಧ. ಆಮೇಲೆ ಎಂದೋ ನಿಜವಾದ ಭೂಪಟ ನೋಡಿದೆ, ಹೆಚ್ಚುಕಡಿಮೆ ಹಾಗೇ ಇದೆ.

ಒಂದು ಮಧ್ಯಾಹ್ನ ಆ ಪಾಠ ಮುಗಿಸಿ ಸ್ಟಾಫ್‌ರೂಮಿಗೆ ಬಂದು, ನಲ್ಲಿ ಕೆಳಗೆ ಕೈ ತೊಳೆಯುತ್ತಾ ಹೇಳಿದರು: "ಮೂವತ್ತು ವರ್ಷದಿಂದ ಈ ದ್ವೀಪಾನ ಒತ್ತಿ ಒತ್ತಿ ತೊಳ್ಕೊತಾ ಇದ್ದೀನಿ ಕಣಮ್ಮ. ಅದು ಹೆಂಗಿದೆಯೋ ಏನೋ. ಹೋಗಿ, ಈ ದಡದಿಂದ ಆ ದಡಕ್ಕೆ ಸೈಕಲ್ ತುಳಿದು ಬಂದುಬುಡೋಣ್ವಾ?"

ನಂಜನಗೂಡಿಗೆ ಹೋಗಿ ಬರೋಣವಾ ಎನ್ನುವ ಧಾಟಿ. ಪೀಟಿ ಮೇಷ್ಟ್ರು ಚಿತ್ರಾನ್ನದ ಡಬ್ಬಿಯಿಂದ ತಲೆ ಎತ್ತಿದರು. ಅವರು ಅಶೋಕಪುರಂನವರು, ಜಿಲ್ಲಾ ಮಟ್ಟದಲ್ಲಿ ಓಡಿದವರು, ಸವಾಲು ಎಂದರೆ ಕಿವಿ ನಿಮಿರುತ್ತದೆ.

"ವಿಮಾನದಾಗೆ ಸೈಕಲ್ ಬುಡ್ತಾರಾ ಮೇಡಂ?"

"ಅಲ್ಲೇ ಬಾಡಿಗೆಗೆ ಸಿಗತ್ತಂತೆ ಮೇಷ್ಟ್ರೇ. ಜಲ್ಲಿಕಲ್ಲಿನ ದಾರಿಗೇ ಅಂತ ಮಾಡಿರೋದು, ದಪ್ಪ ಟೈರು. ಬ್ಯಾಗೆಲ್ಲಾ ಸೈಕಲ್ಲಿಗೇ ಕಟ್ಕೊಂಡು, ಸಂಜೆಯಾದಲ್ಲಿ ಉಳ್ಕೊಂಡು, ಬೆಳಿಗ್ಗೆ ಎದ್ದು ಮುಂದಕ್ಕೆ ಹೋಗೋದು."

ಎಲ್ಲಾ ವಿಚಾರಿಸಿಟ್ಟುಕೊಂಡಿದ್ದರು. ಪಾಸ್‌ಪೋರ್ಟ್ ಕೂಡ ಆಗಿತ್ತು, ವರ್ಷಗಳಿಂದ ಕಟ್ಟಿದ್ದ ಚೀಟಿಯೂ ಬಂದಿತ್ತು. ನಮ್ಮನ್ನು ಕೇಳಿದ್ದು ಬರೀ ನೆಪಕ್ಕೆ.

ದಸರಾ ರಜೆಗೆ ಮೂವರೂ ಹೋಗುವುದೆಂದಾಯಿತು. ದಸರಾ ಬಂತೆಂದರೆ ಮೈಸೂರಿನವರ ಮನೆಗಳಲ್ಲಿ ನೆಂಟರ ಜಾತ್ರೆ. ಮೇಡಂ ಮನೆಯಲ್ಲಂತೂ ಮಲಗಿದವರನ್ನು ದಾಟಿಕೊಂಡು ಬಚ್ಚಲಿಗೆ ಹೋಗಬೇಕು. ಅವರ ಯಜಮಾನರು ಬಹಳ ಸಮಾಧಾನದ ಮನುಷ್ಯ. "ನೀನು ಹೋಗಿ ಬಾ. ಬಂದವರಿಗೆ ನಾನು ಎರಡೂ ಹೊತ್ತು ಉಪ್ಪಿಟ್ಟು ಮಾಡಿ ಹಾಕ್ತೀನಿ. ಜಂಬೂಸವಾರಿ ತನಕ ಯಾರೂ ಉಳಿಯಲ್ಲ" ಎಂದು ಧೈರ್ಯ ಹೇಳಿ ಕಳಿಸಿದರು.

ತಯಾರಿ ಎಂದರೆ ಬೆಳಿಗ್ಗೆ ಚಾಮುಂಡಿ ಬೆಟ್ಟ, ಭಾನುವಾರ ಶ್ರೀರಂಗಪಟ್ಟಣ. "ಅದೂ ದ್ವೀಪವೇ ಕಣ್ರೀ, ಸುತ್ತಾ ಕಾವೇರಿ. ಪ್ರತಿ ವಾರ ಒಂದು ದ್ವೀಪ ದಾಟ್ತಾ ಇದ್ದೀವಿ, ಇನ್ನೇನು ಬೇಕು?" ಎಂದು ಸೇತುವೆ ಮೇಲೆ ಬೆಲ್ ಬಾರಿಸುತ್ತಿದ್ದರು. ಬೆಟ್ಟ ಹತ್ತುವಾಗ ವಾಕಿಂಗ್ ಬಂದ ಅಜ್ಜಂದಿರು ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಆದರೂ ಕಾಲು ನೆಲಕ್ಕಿಡುತ್ತಿರಲಿಲ್ಲ. ಬಲಮಂಡಿ ಪ್ರತಿ ಸುತ್ತಿಗೂ ಕಿರ್ ಎನ್ನುತ್ತಿತ್ತು, ನನಗೇ ಕೇಳುತ್ತಿತ್ತು.

ಒಂದು ದಿನ ತಿರುವಿನಲ್ಲಿ ಎಳನೀರು ಕುಡಿಯುವಾಗ ನಾನು ಹೇಳಿದೆ, "ಈ ಮಂಡಿ ಇಟ್ಟುಕೊಂಡು ಯಾಕೆ ಮೇಡಂ? ಅಲ್ಲಿ ಬಸ್ಸಿದೆ, ಟ್ಯಾಕ್ಸಿ ಇದೆ. ಕೂತ್ಕೊಂಡು ಹಾಯಾಗಿ ನೋಡ್ಕೊಂಡು ಬರಬಹುದಲ್ಲಾ."

ಅವರು ನಗಲಿಲ್ಲ. ಅದೇ ನನಗೆ ಆಶ್ಚರ್ಯ. "ನೋಡಮ್ಮಾ, ಆಂಡೀಸ್ ದಾಟಿದ್ದೀನಿ, ಸಹಾರಾ ದಾಟಿದ್ದೀನಿ, ಎಲ್ಲಾ ಬೋರ್ಡ್ ಮೇಲೆ, ಕೋಲು ಹಿಡ್ಕೊಂಡು. ಇನ್ನೊಂದು ವರ್ಷಕ್ಕೆ ರಿಟೈರ್ ಆಗ್ತೀನಿ, ಆಮೇಲೆ ಈ ಮಂಡಿ ನನ್ನ ಮಾತು ಕೇಳಲ್ಲ ಅಂತ ಡಾಕ್ಟರೂ ಹೇಳಿದಾರೆ. ಒಂದೇ ಒಂದು ಜಾಗಾನಾದರೂ ಕಾಲಲ್ಲಿ ದಾಟಿಬುಡ್ತೀನಿ. ಪಶ್ಚಿಮದ ನೀರು ಮುಟ್ಟಿ ಹೊರಟ್ರೆ ಪೂರ್ವದ ನೀರೇ ಮುಟ್ಟಬೇಕು. ಮಧ್ಯ ಸೈಕಲ್ ತಳ್ಳಬಹುದು, ಹೊರಬಹುದು, ಯಾವ ಗಾಡೀನೂ ಹತ್ತೋ ಹಾಗಿಲ್ಲ." ಎಳನೀರು ಮುಗಿಸಿ, ಗಂಜಿ ಕೆರೆಸಿಕೊಂಡು ತಿಂದು, ಮತ್ತೆ ಮೊದಲಿನ ಮೇಡಂ ಆದರು. "ನೋಡೇಬುಡೋಣ ನಡಿ."

ಬ್ಯಾಗು ಕಟ್ಟುವಾಗ ಪೀಟಿ ಮೇಷ್ಟ್ರು ಮೂವರಿಗೂ ರೇನ್‌ಕೋಟ್ ತಂದಿದ್ದರು. ಮೇಡಂ ಅವನ್ನು ಎತ್ತಿ ಹೊರಗಿಟ್ಟರು. "ಮೆಡಿಟರೇನಿಯನ್ ವಾಯುಗುಣದ ಲಕ್ಷಣ ಏನು ಮೇಷ್ಟ್ರೇ?" ಮೇಷ್ಟ್ರು ಅಭ್ಯಾಸಬಲದಿಂದ ಎದ್ದು ನಿಂತರು. "ಬೇಸಿಗೇಲಿ ಒಣಹವೆ, ಚಳಿಗಾಲದಲ್ಲಿ ಮಳೆ ಮೇಡಂ." "ನಾವು ಹೋಗ್ತಿರೋದು ಯಾವ ಕಾಲದಲ್ಲಿ? ಬೇಸಿಗೇನೂ ಅಲ್ಲ, ಚಳಿಗಾಲಾನೂ ಅಲ್ಲ. ಅಂದ್ರೆ ಮಳೆ ಇಲ್ಲ." ಮೂರೂ ರೇನ್‌ಕೋಟುಗಳ ಜಾಗದಲ್ಲಿ ಹುರಿದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕೂತವು. ಮೂವತ್ತು ವರ್ಷ ಆ ಉತ್ತರಕ್ಕೆ ಅಂಕ ಕೊಟ್ಟವರ ಎದುರು ನಾವು ಏನು ವಾದ ಮಾಡುವುದು?

ಸಾರ್ಡೀನಿಯಾದ ಪಶ್ಚಿಮದ ಊರಿನಲ್ಲಿ ಸೈಕಲ್ ಕೈಗೆ ಬಂದಾಗ ಮೇಡಂ ಒಂದು ಸುತ್ತು ಬಂದು ಕೈಚೆಲ್ಲಿದರು. "ಅಯ್ಯೋ ಇದಕ್ಕೆ ಸ್ಟ್ಯಾಂಡೇ ಇಲ್ವಲ್ಲೋ! ಬೆಲ್ಲೂ ಇಲ್ಲ! ಕ್ಯಾರಿಯರ್ರೂ ಇಲ್ಲ! ಇದನ್ನ ಸೈಕಲ್ ಅಂತ ಹೆಂಗೆ ಅಂದ್ರು?" ಅಂಗಡಿಯಾಕೆಗೆ ಕನ್ನಡ ಬರದಿದ್ದರೂ ದೂರು ಪೂರ್ತಿ ಅರ್ಥವಾಯಿತು. ಮೇಡಂ ತಮ್ಮ ಕೈಚೀಲದಿಂದ ಮನೆಯ ಸೈಕಲ್ಲಿನ ಬೆಲ್ಲನ್ನು ತೆಗೆದರು. ಬಿಚ್ಚಿಕೊಂಡೇ ಬಂದಿದ್ದರು! ಆ ಹಗುರ ಸೈಕಲ್ಲಿನ ಹ್ಯಾಂಡಲ್ಲಿಗೆ ಆ ಬೆಲ್ಲು ಮದುವೆ ಹುಡುಗಿಗೆ ಕಟ್ಟಿದ ಬಾಸಿಂಗದ ಹಾಗೆ ಕೂತಿತು. ದಡಕ್ಕೆ ಹೋಗಿ ನೀರು ಮುಟ್ಟಿ, ನಾಲಿಗೆಗೆ ಹಚ್ಚಿ, ಉಪ್ಪೇ ಎಂದು ಖಾತ್ರಿ ಮಾಡಿಕೊಂಡು, ಸೂರ್ಯ ಹುಟ್ಟಿದ ಕಡೆಗೆ ಹೊರಟೆವು.

ಅಲ್ಲಿಂದ ಮುಂದಿನದನ್ನು ನೆನೆದರೆ ನನಗೆ ಈಗಲೂ ತರಗತಿಯಲ್ಲಿ ಸುಮ್ಮಸುಮ್ಮನೆ ನಗು ಬರುತ್ತದೆ. ಬಿಳಿ ಜಲ್ಲಿಯ ದಾರಿ, ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಗೋಡೆಯ ಮೇಲೆ ನಮ್ಮದೇ ಪಾಪಸುಕಳ್ಳಿ. ತೊಗಟೆ ಸುಲಿಸಿಕೊಂಡ ಮರಗಳು ಮೊಣಕಾಲ ತನಕ ಕೆಂಪಗೆ ನಿಂತಿದ್ದವು. ಆ ತೊಗಟೆಯಿಂದಲೇ ಸೀಸೆಯ ಬಿರಡೆ ಮಾಡುವುದು ಎಂದು ಮೇಡಂ ಪೆಡಲ್ ತುಳಿಯುತ್ತಲೇ ಪಾಠ ಮಾಡಿದರು. ಏರಿನಲ್ಲಿ ಮಂಡಿ ಕಿರ್ ಎಂದರೆ ಇಳಿಜಾರಿನಲ್ಲಿ ಬೆಲ್ಲು. ಜಲ್ಲಿಯ ಮೇಲೆ ಜರ್ರನೆ ಜಾರುತ್ತಾ, ಚೂಡಿದಾರದ ಅಂಚು ಹಾರಿಸುತ್ತಾ, ಮನುಷ್ಯರೇ ಇಲ್ಲದ ಬೆಟ್ಟದಲ್ಲಿ, "ಸೈಡ್ ಬುಡಿ, ಸೈಡ್ ಬುಡೀ!" ಒಂದು ತಿರುವಿನಲ್ಲಿ ನಿಜಕ್ಕೂ ದಾರಿ ತುಂಬಾ ಕುರಿಗಳು. ಅವು ಇಬ್ಭಾಗವಾಗಿ ಸರಿದು ದಾರಿ ಬಿಟ್ಟವು. "ನೋಡಿದ್ರಾ, ಕನ್ನಡ ಬರತ್ತೆ ಅವಕ್ಕೆ" ಎಂದು ಮೇಡಂ ಹಿಂತಿರುಗಿ ಕೂಗಿ ಇನ್ನೇನು ಬೀಳುವುದರಲ್ಲಿದ್ದರು.

ಎರಡನೇ ದಿನ ಮರದಡಿಯಲ್ಲಿ ನೆಲದಿಂದ ಎದ್ದ ಗುಲಾಬಿ ಬಣ್ಣದ ಕಾಡುಹೂಗಳು ಕಂಡವು. ಹೂ ಕಂಡ ಮೇಲೆ ಮುಡಿಯದೆ ಇರುವುದು ಹೇಗೆ? ಹೆಲ್ಮೆಟ್ಟಿನ ಹಿಂದಿನ ಸಂದಿಯಿಂದ ತುರುಬನ್ನು ಎಳೆದು ಹೊರಗೆ ತಂದು ಇಬ್ಬರೂ ಮುಡಿದೆವು. ಪೀಟಿ ಮೇಷ್ಟ್ರು, "ನಂದೇನ್ ತಪ್ಪು?" ಎಂದು ಮುಖ ಸಣ್ಣಗೆ ಮಾಡಿದ್ದಕ್ಕೆ ಅವರ ಹೆಲ್ಮೆಟ್ಟಿಗೂ ಎರಡು ಸಿಕ್ಕಿಸಿದರು.

ಇನ್ನು ಊಟ. ಮೈಸೂರಿನ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ದಾರಿಯಲ್ಲಿ ಯಾರೇ ಕಂಡರೂ ಮೇಡಂ ನಿಂತು, ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬೇರಿಸಿ, ಊಟ ಆಯ್ತಾ ಎಂದು ಕೇಳುತ್ತಿದ್ದರು. ಬರೀ ಕುಶಲ ವಿಚಾರಿಸಿದ್ದು. ಆದರೆ ನೋಡಿದವರ ಕಣ್ಣಿಗೆ ಧೂಳು ಮೆತ್ತಿದ ಮೂವರು ಪರದೇಶಿಗಳು ಹಸಿವು ಹಸಿವು ಎನ್ನುತ್ತಿದ್ದರು! ಅಯ್ಯೋ ಪಾಪ ಎಂದು ಒಳಕ್ಕೆ ಕರೆದುಬಿಡುವರು. ಹಪ್ಪಳದಷ್ಟು ತೆಳ್ಳಗಿನ ರೊಟ್ಟಿ, ಕುರಿಹಾಲಿನ ಚೀಸು, ಆಲಿವ್, ಜೇನು. ಮಾಂಸ ಬಂದರೆ ಮೇಡಂ ತಟ್ಟೆಯಿಂದ ಪೀಟಿ ಮೇಷ್ಟ್ರ ತಟ್ಟೆಗೆ ಸರಿಯುತ್ತಿತ್ತು, ಅವರು ಒಂದು ಸಲವೂ ಬೇಡವೆನ್ನಲಿಲ್ಲ. ಕರೆದರೆ ಒಲ್ಲೆ ಎನ್ನಬಾರದು ಎಂಬುದು ಮೇಡಂ ನಿಯಮ, ಉಂಡ ಮನೆಗೆ ಏನಾದರೂ ಕೊಡಬೇಕೆಂಬುದು ಇನ್ನೊಂದು. ಒಬ್ಬ ಅಜ್ಜಿಗೆ ಚಟ್ನಿಪುಡಿ ಕೊಟ್ಟರು. ಅಜ್ಜಿ ಚಮಚ ತುಂಬ ಬಾಯಿಗೆ ಹಾಕಿಕೊಂಡು, ಕಣ್ಣುಮೂಗಲ್ಲೆಲ್ಲ ನೀರು ಸುರಿಸಿ, ಮೇಜು ಗುದ್ದಿ, ಮತ್ತೆ ಚಮಚ ಚಾಚಿದರು. ಅವತ್ತು ನಾವು ಮಧ್ಯಾಹ್ನ ಹೊರಡಬೇಕಾದವರು ಸಂಜೆಗೆ ಹೊರಟೆವು.

"ಮೇಡಂ, ದಯವಿಟ್ಟು ನಾಳೆಯಿಂದ ಬರೀ ನಮಸ್ಕಾರ ಮಾಡಿ" ಎಂದು ಪೀಟಿ ಮೇಷ್ಟ್ರು ಕೈಮುಗಿದರು. "ಇಂಗೇ ಉಣ್ತಾ ಹೋದ್ರೆ ಪೂರ್ವದ ನೀರು ಮುಂದಿನ ದಸರಾಕ್ಕೇ."

ಮಾರನೇ ದಿನ ಮಧ್ಯದ ಬೆಟ್ಟಗಳಲ್ಲಿ ಮಳೆ ಹಿಡಿಯಿತು. ತುಂತುರಲ್ಲ, ಹಂಡೆ ಬೋರಲು ಹಾಕಿದ ಹಾಗೆ. ಪೀಟಿ ಮೇಷ್ಟ್ರು ಮೇಡಂ ಕಡೆ ಒಂದು ಸಲ ನೋಡಿದರು, ಅಷ್ಟೆ. ಮೇಡಂ ಸೈಕಲ್ ನಿಲ್ಲಿಸಿ, ಅದಕ್ಕೆ ಸ್ಟ್ಯಾಂಡ್ ಇಲ್ಲದ್ದು ನೆನಪಾಗಿ ಬೈದು, ಗೋಡೆಗೆ ಒರಗಿಸಿ, ದಾರಿಯ ನಡುವೆ ಎರಡೂ ಕೈ ಚಾಚಿ ನಿಂತರು. ಕನ್ನಡಕದ ಮೇಲೆ ನೀರು ಹರಿಯುತ್ತಿತ್ತು.

"ತಪ್ಪು ಕಣಮ್ಮಾ! ಮೂವತ್ತು ವರ್ಷ ತಪ್ಪು ಹೇಳ್ಕೊಟ್ಟುಬುಟ್ಟಿದ್ದೀನಿ!" ಎಂದು ಕೂಗಿದರು. ನಗುತ್ತಿದ್ದರು. ಹಬ್ಬದ ಸುದ್ದಿ ಹೇಳುವವರ ಹಾಗೆ ಕುಣಿಯುತ್ತಿದ್ದರು. "ಎಷ್ಟ್ ಮಕ್ಕಳಿಗೆ ಅಂಕ ಕಳೆದಿದ್ದೀನೋ ಏನೋ!"

ಮೂವರೂ ಆ ಮಳೆಯಲ್ಲಿ ಹುಚ್ಚರ ಹಾಗೆ ನಕ್ಕೆವು. ಆದರೆ ಅಲ್ಲಿನ ಜೇಡಿಮಣ್ಣು ತಮಾಷೆಯದಲ್ಲ. ಟೈರಿಗೆ ಮೆತ್ತಿ, ಫೋರ್ಕಿನೊಳಗೆ ಸೇರಿ, ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಕಡ್ಡಿಯಿಂದ ಮಣ್ಣು ಕೆದಕುವುದು, ನಾಲ್ಕು ಹೆಜ್ಜೆ ತಳ್ಳುವುದು, ಮತ್ತೆ ಕೆದಕುವುದು. ಕೊನೆಗೆ ಒಬ್ಬ ಕುರಿಗಾಹಿ ತನ್ನ ಕಲ್ಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅವನಿಗೂ ಮೇಡಂ ಮೊದಲು ಮಾಡಿದ್ದು ಊಟ ಆಯ್ತಾ ಎಂಬ ಸನ್ನೆಯನ್ನೇ. ಮಾರನೇ ದಿನವೂ ಮಳೆ ಬಿಡಲಿಲ್ಲ. ಮೇಡಂ ಬ್ಯಾಗಿನಲ್ಲಿ ಸೀಮೆಸುಣ್ಣ ಇತ್ತು, ಇರದೆ ಎಲ್ಲಿಗೆ ಹೋಗುತ್ತದೆ? ಕಲ್ಲುನೆಲದ ಮೇಲೆ ಚೌಕಾಬಾರದ ಮನೆ ಬರೆದು, ಓಕ್ ಮರದ ಕಾಯಿಗಳನ್ನೇ ಕಾಯಿ ಮಾಡಿ, ಕವಡೆಗೆ ಬದಲು ಸಿಪ್ಪೆಯ ಹೋಳು ಎಸೆದು, ಕುರಿಗಾಹಿಗೆ ಆಟ ಕಲಿಸಿದರು. ಅವನು ಮಧ್ಯಾಹ್ನದ ಹೊತ್ತಿಗೆ ಇವರ ಕಾಯಿಗಳನ್ನೆಲ್ಲಾ ಹೊಡೆದು ಹಾಕಿದ. ಮೇಡಂ ಮುನಿಸಿಕೊಂಡು ಕುರಿಗಳ ಕಡೆ ಮುಖ ಮಾಡಿ ಕೂತುಬಿಟ್ಟರು.

ಸಂಜೆ ವಿಡಿಯೋ ಕಾಲ್‌ನಲ್ಲಿ ಯಜಮಾನರು ಬೊಂಬೆ ಕೂರಿಸಿದ್ದನ್ನು ತೋರಿಸಿದರು. ರಾಜ ರಾಣಿಯರ ಎಡಬಲ ಅದಲುಬದಲಾಗಿತ್ತು, ಸೆಟ್ಟಿ ಬೊಂಬೆ ಆನೆ ಮೇಲೆ ಕೂತಿತ್ತು. ಹಿಂದೆ ನೆಂಟರ ಸದ್ದಿಲ್ಲ, ಉಪ್ಪಿಟ್ಟು ಕೆಲಸ ಮಾಡಿತ್ತು. "ಸಮುದ್ರ ಸಿಕ್ತಾ?" ಎಂದು ಕೇಳಿದರು. ಮೇಡಂ ಇಲ್ಲ ಎಂದು ತಲೆಯಾಡಿಸಿದರು. ಫೋನಿಟ್ಟ ಮೇಲೆ ಮಂಡಿಗೆ ಎಣ್ಣೆ ತಿಕ್ಕುತ್ತಾ, ಇನ್ನೆಷ್ಟು ದೂರ ಎಂದು ನನ್ನನ್ನು ಎರಡು ಸಲ ಕೇಳಿದರು. ದೂರ ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ವಾಪಸ್ ಹೋಗುವ ವಿಮಾನಕ್ಕೆ ಉಳಿದಿದ್ದು ಒಂದೇ ದಿನ, ಎರಡು ದಿನದ ದಾರಿ ಬಾಕಿ.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅವತ್ತು ವಿಜಯದಶಮಿ. ಮೇಡಂ ಸೈಕಲ್ಲಿಗೆ ಕುಂಕುಮ ಇಟ್ಟು, "ಇವತ್ತು ಯಾರನ್ನೂ ಊಟ ಆಯ್ತಾ ಅಂತ ಕೇಳಲ್ಲ" ಎಂದು ನಮ್ಮಿಬ್ಬರ ಎದುರು ಪ್ರತಿಜ್ಞೆ ಮಾಡಿದರು. ಹಾಗೇ ನಡೆದುಕೊಂಡರು. ದಾರಿಯಲ್ಲಿ ಒಬ್ಬಾಕೆ ಬಾಗಿಲಲ್ಲಿ ನಿಂತು ಕೈಬೀಸಿದಾಗ ಮೇಡಂ ಕೈ ತಾನಾಗಿ ಬಾಯಿಯ ಕಡೆ ಏರಿತು, ಅರ್ಧಕ್ಕೆ ತಡೆದು ಮೂಗು ಒರೆಸಿಕೊಂಡರು. ಇಡೀ ದಿನ ಅವಲಕ್ಕಿ ಮುಕ್ಕುತ್ತಾ ತುಳಿದೆವು. ಮಧ್ಯಾಹ್ನ ಕಳೆದ ಮೇಲೆ ಕೊನೆಯ ಬೆಟ್ಟದ ನೆತ್ತಿ ಬಂತು, ಆಚೆ ಕೆಳಗೆ ನೀಲಿಯಾಗಿ ಒಂದು ಗೆರೆ ಕಂಡಿತು. ಮೇಡಂ ಒಂದೇ ಒಂದು ಸಲ ಬೆಲ್ ಬಾರಿಸಿದರು.

ಅಲ್ಲೇ ಪೀಟಿ ಮೇಷ್ಟ್ರ ಮೀನಖಂಡ ಹಿಡಿದುಕೊಂಡಿದ್ದು. ಸೈಕಲ್ ಅತ್ತ, ಅವರು ಇತ್ತ. "ಸತ್ತೋದೆ ಮೇಡಂ! ಕಾಲು ಕಲ್ಲಾಗ್ಬುಡ್ತು!" ಉಜ್ಜಿದೆವು, ನೀರು ಕುಡಿಸಿದೆವು, ಎದ್ದು ನಿಂತರೆ ಮತ್ತೆ ಹಿಡಿದುಕೊಳ್ಳುತ್ತಿತ್ತು. ನನ್ನ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಸೀಟಿನ ಮೇಲೆ ಕೂರುವುದೆಂದರೆ ಅಳು ಬರುತ್ತಿತ್ತು. ಮುಂದಿನ ದಾರಿ ಎಲ್ಲ ಇಳಿಜಾರೂ ಅಲ್ಲ, ನಡುವೆ ಎರಡು ಗುಡ್ಡ ಅಡ್ಡ ನಿಂತಿದ್ದವು.

ಆ ಹೊತ್ತಿಗೆ ಹಿಂದಿನಿಂದ ಪಟಪಟ ಸದ್ದು. ತಿರುಗಿ ನೋಡಿದರೆ ನಮ್ಮ ಮಾರ್ಕೆಟ್ಟಿಗೆ ಸೊಪ್ಪು ತರುವಂಥದೇ ಮೂರು ಚಕ್ರದ ಲಗೇಜ್ ಆಟೊ! ಒಳಗೆ ಟೋಪಿ ಹಾಕಿದ ಒಬ್ಬ ಮುದುಕ, ಹಿಂದೆ ಖಾಲಿ ದ್ರಾಕ್ಷಿ ಪೆಟ್ಟಿಗೆಗಳು. ಪೀಟಿ ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. "ನಮ್ಮೂರ್ ಆಟೊ ಕಣ್ರೀ" ಎಂದರು, ತವರಿನವರನ್ನು ಕಂಡ ಹಾಗೆ. ಮುದುಕ ನಮ್ಮ ಮೂವರನ್ನೂ ನೋಡಿ, ಸಮುದ್ರದ ಕಡೆ ಕೈ ತೋರಿಸಿ, ಹಿಂದೆ ಹತ್ತಿ ಎಂದು ಸನ್ನೆ ಮಾಡಿದ.

"ನೀವೂ ಬನ್ನಿ ಮೇಡಂ" ಎಂದೆ. "ಮಂಡಿ ನೋಡಿ ಹೇಗಾಗಿದೆ. ಇಷ್ಟು ದೂರ ತುಳಿದಿದ್ದು ಸಾಲದಾ?"

ಅವರ ಮಂಡಿ ನಿಜಕ್ಕೂ ಊದಿತ್ತು. ಅವರು ಆಟೊ ನೋಡಿದರು, ಸಮುದ್ರ ನೋಡಿದರು. "ನೀವಿಬ್ಬರೂ ಹತ್ತಿ, ಪರವಾಗಿಲ್ಲ" ಎಂದು, ನಮ್ಮ ಸೈಕಲ್ಲುಗಳನ್ನು ಪೆಟ್ಟಿಗೆಗಳ ನಡುವೆ ತುರುಕಲು ತಾವೇ ಕೈಹಚ್ಚಿ, ತಮ್ಮ ಸೈಕಲ್ ಏರಿ ಹೊರಟುಬಿಟ್ಟರು.

ದಾರಿ ಕಿರಿದು. ಮೇಡಂ ಮುಂದೆ, ಆಟೊ ಹಿಂದೆ. ಸೈಡ್ ಕೊಡುವ ಮಾತೇ ಇಲ್ಲ! ಗುಡ್ಡ ಬಂದಾಗ ಅವರು ನಡಿಗೆಯ ವೇಗಕ್ಕಿಳಿದರೆ ಆಟೊ ಅದಕ್ಕಿಂತ ನಿಧಾನವಾಗಿ ಗುರುಗುಟ್ಟುತ್ತಾ ಹಿಂಬಾಲಿಸಿತು. ಎರಡನೇ ಗುಡ್ಡದಲ್ಲಿ ಒಂದು ಕಡೆ ಸೈಕಲ್ ವಾಲಿತು, ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟಾಗ ಅವರು ಇಳಿದು, ಕುಂಟುತ್ತಾ ತಳ್ಳುತ್ತಿದ್ದರು. ಮುದುಕನಿಗೂ ಹುಮ್ಮಸ್ಸು ಬಂದು ಹಾರನ್ ಒತ್ತತೊಡಗಿದ, ತೋಟದ ನಾಯಿಗಳೆಲ್ಲಾ ಓಡಿ ಬಂದವು. ಮೈಸೂರಿನಲ್ಲಿ ಅವತ್ತೇ ಜಂಬೂಸವಾರಿ, ಇಲ್ಲಿ ನಮ್ಮದು. ಹಾರನ್ನು, ನಾಯಿ, ಸಂಜೆ ಬಿಸಿಲು, ಮುಂದೆ ಮೇಡಂ, ಹಿಂದೆ ಪೆಟ್ಟಿಗೆಗಳ ಮಧ್ಯೆ ಸ್ತಬ್ಧಚಿತ್ರದ ಹಾಗೆ ಕೂತ ನಾವಿಬ್ಬರು. ಪೀಟಿ ಮೇಷ್ಟ್ರು ಕಾಲುನೋವು ಮರೆತು ಎರಡೂ ಕಡೆಯ ಆಲಿವ್ ಮರಗಳಿಗೆ ಕೈಬೀಸುತ್ತಿದ್ದರು.

ದಡ ಬಂತು. ಸೂರ್ಯ ನಮ್ಮ ಬೆನ್ನ ಹಿಂದೆ ಬೆಟ್ಟಕ್ಕೆ ಇಳಿದಿದ್ದ, ನೀರು ಮಾತ್ರ ಇನ್ನೂ ಬೆಳ್ಳಗಿತ್ತು. ಮೇಡಂ ಮರಳಿನ ಅಂಚಿನಲ್ಲಿ ಸೈಕಲ್ ಮಲಗಿಸಿದರು. ನಾವು ಆಟೊದಿಂದ ಧುಮುಕಿ, "ಮುಟ್ಟಿ ಮೇಡಂ, ಮುಟ್ಟಿ!" ಎಂದು ಕೂಗುತ್ತಾ ಓಡಿದೆವು. ನಾನಂತೂ ಫೋಟೊ ತೆಗೆಯಲು ಫೋನ್ ಹಿಡಿದಾಗಿತ್ತು.

ಮೇಡಂ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಪೀಟಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. "ಕಾಲುನೋವು ಹೋಯ್ತಾ ಮೇಷ್ಟ್ರೇ, ಓಡ್ತಾ ಇದೀರಾ?"

"ಪೂರ್ತಿ ಹೋಯ್ತು ಮೇಡಂ!"

"ಸುಸ್ತು ಹೋಯ್ತಾಮ್ಮಾ?" ಎಂದು ನನ್ನನ್ನು ಕೇಳಿದರು.

"ಹೋಯ್ತು ಮೇಡಂ."

"ಹಾಗಾದ್ರೆ ವಾಪಸ್ ಹೋಗಿ. ಎಲ್ಲಿ ಹತ್ತಿದ್ರೋ ಅಲ್ಲೇ ಇಳ್ಕೊಂಡು, ತುಳ್ಕೊಂಡು ಬನ್ನಿ."

ನಾವು ತಮಾಷೆ ಎಂದುಕೊಂಡೆವು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಈಗ್ಲಾ ಮೇಡಂ?" ಎಂದರು ಪೀಟಿ ಮೇಷ್ಟ್ರು.

"ಇನ್ಯಾವಾಗ? ನಾಳೆ ವಿಮಾನ."

"ಸರಿ, ನೀವಾದರೂ ಮುಟ್ಟಿಬಿಡಿ. ಇದಕ್ಕೋಸ್ಕರ ತಾನೇ ಬಂದಿದ್ದು ನೀವು" ಎಂದೆ.

"ನಾನೊಬ್ಬಳೇ ಮುಟ್ಟೋ ಹಾಗಿದ್ರೆ ನಿಮ್ಮನ್ನ ಯಾಕೆ ಕರ್ಕೊಂಡು ಬರ್ತಿದ್ದೆ?" ಎಂದರು. "ಕತ್ತಲಾಗೋ ಮುಂಚೆ ಬನ್ನಿ ಹೋಗಿ."

ಮುದುಕನಿಗೆ ಕೈಸನ್ನೆಯಲ್ಲಿ ಹೇಳಬೇಕಾಯಿತು: ಮೇಲಕ್ಕೆ, ಅಲ್ಲಿಗೇ, ನಾವಿಬ್ಬರು, ಸೈಕಲ್ಲು. ಅವನು ಮೇಡಂ ಕಡೆ ನೋಡಿದ, ನಮ್ಮ ಕಡೆ ನೋಡಿದ, ಕೆಮ್ಮು ಬರುವ ತನಕ ನಕ್ಕು, ಟೋಪಿ ತೆಗೆದು ಮೇಡಂಗೆ ನಮಸ್ಕಾರ ಮಾಡಿ ಆಟೊ ತಿರುಗಿಸಿದ.

ಬೆಟ್ಟದ ನೆತ್ತಿಯಿಂದ ಆ ಸಂಜೆ ನಾವಿಬ್ಬರು ಇಳಿದ ಹಾಗೆ ನಾನು ಜೀವಮಾನದಲ್ಲಿ ಇನ್ನೊಂದು ಸಲ ಇಳಿಯಲಾರೆ. ನೋವು ಎಲ್ಲಿತ್ತೋ ಗೊತ್ತಿಲ್ಲ. ಗುಡ್ಡಗಳಲ್ಲಿ ಪೀಟಿ ಮೇಷ್ಟ್ರು ನನ್ನನ್ನೂ ನಾನು ಪೀಟಿ ಮೇಷ್ಟ್ರನ್ನೂ ಬೈದುಕೊಂಡು ಹತ್ತಿದೆವು. ಬೆಲ್ ಇಲ್ಲದ್ದಕ್ಕೆ ಬಾಯಲ್ಲೇ ಟ್ರಿಣ್ ಟ್ರಿಣ್ ಎನ್ನುತ್ತಾ ಇಳಿದೆವು. ಒಂದು ಕಡೆ ಇಬ್ಬರೂ ನಗುತ್ತಾ ನಗುತ್ತಾ ಒಟ್ಟಿಗೇ ಪೊದೆಗೆ ಹೋಗಿ ಬಿದ್ದೆವು. ಮುದುಕ ಹಿಂದಿನಿಂದ ದೀಪ ಹಾಕಿಕೊಂಡು ಬರುತ್ತಿದ್ದ.

ಮೇಡಂ ಬಿಟ್ಟಲ್ಲೇ ಇದ್ದರು. ಮರಳಿನ ಮೇಲೆ ಕಾಲು ನೀಡಿ ಕೂತಿದ್ದರು. ಅಲೆ ಬಂದು ಅವರಿಂದ ಒಂದು ಗೇಣು ದೂರದಲ್ಲೇ ನಿಂತು ಹಿಂದಕ್ಕೆ ಹೋಗುತ್ತಿತ್ತು. ಮರಳಿನ ಮೇಲಿನ ಜಾಡು ನೋಡಿದರೆ ನೀರು ಹತ್ತಿರ ಬಂದಾಗಲೆಲ್ಲಾ ಕೂತಲ್ಲೇ ಹಿಂದೆ ಹಿಂದೆ ಸರಿದಿದ್ದು ತಿಳಿಯುತ್ತಿತ್ತು. ಬೆಟ್ಟದ ಕೆಂಪು ಕೆಸರು ಶೂಗಳ ಮೇಲೆ ಹಾಗೇ ಒಣಗಿತ್ತು.

"ಎಬ್ಬಿಸಿ ಇಬ್ರೂ, ಮಂಡಿ ಹಿಡ್ಕೊಂಡುಬುಟ್ಟಿದೆ" ಎಂದು ಎರಡೂ ಕೈ ಚಾಚಿದರು. ನಾವು ಒಂದೊಂದು ಕೈ ಹಿಡಿದು ಎಬ್ಬಿಸಿದೆವು. ಶೂ ಬಿಚ್ಚುವಷ್ಟು ತಾಳ್ಮೆ ಮೂವರಲ್ಲಿ ಯಾರಿಗೂ ಇರಲಿಲ್ಲ.